ಹಲಗಿ ಬಡಿದ ಕುಸ್ತಿ

ಕಾಂದಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಪಕ್ಕದ ಮನೆಯ ಉಡುಪಿ ಕಡೆಯ ಹೆಂಗಸು ಮೊನ್ನೆ ಕರಿಬೇವಿನ ಕುಂಡಕ್ಕೆ ಹೊಸ ಕೆಂಪು ಮಣ್ಣು ತುಂಬಿ, ಅದರ ಮೇಲೆ ಎರಡು ದಿನದ ಹುಳಿ ಮಜ್ಜಿಗೆ ಸುರಿದರು. ಹಾಗೆ ಮಾಡಿದರೆ ಗಿಡ ಸೊಂಪಾಗಿ ಬರುತ್ತದಂತೆ. ನಾನು ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಪೇಪರು ಓದುತ್ತಿದ್ದೆ. ವಾಸನೆ ಮೂಗಿಗೆ ಬಡಿದದ್ದೇ ತಡ, ಪೇಪರು ಮಡಚಿ ಒಳಗೆ ಎದ್ದುಹೋದೆ. ಹಳೆಯ ವಾಸನೆಗಳಿಂದ ಜನರಿಗೆ ಸುಖವಾಗುತ್ತದೆ ಎಂದು ಕೇಳಿದ್ದೇನೆ. ನನಗೆ ಆದದ್ದು ಹೆದರಿಕೆ, ಅದೂ ಈ ವಯಸ್ಸಿನಲ್ಲಿ. ಕೆಂಪು ಮಣ್ಣು, ಹುಳಿ ಮಜ್ಜಿಗೆ... ಇನ್ನೊಂದಿಷ್ಟು ಅರಿಸಿನ, ಎಣ್ಣೆ ಬಿದ್ದಿದ್ದರೆ ಅದು ನಮ್ಮ ತಾಲೀಮಿನ ಮಣ್ಣೇ ಆಗುತ್ತಿತ್ತು. ಆ ಮಣ್ಣನ್ನು ಹದ ಮಾಡುತ್ತಿದ್ದವರು ನಮ್ಮ ಡ್ರಿಲ್ ಮಾಸ್ತರರು.

ಅದು ಐವತ್ತರ ದಶಕ. ಅಪ್ಪ ಬೆಳಗಾವಿ ಕಡೆಯಿಂದ ಬಂದು ಪರೇಲಿನ ಒಂದು ಮಿಲ್ಲಿನಲ್ಲಿ ಗುಮಾಸ್ತರಾಗಿದ್ದರು. ನಾನು ಕನ್ನಡ ಹೈಸ್ಕೂಲಿನಲ್ಲಿ ಓದುತ್ತಿದ್ದೆ. ಶಾಲೆಯ ಹಿಂದೆ ತಗಡಿನ ಚಪ್ಪರದ ಒಂದು ತಾಲೀಮು, ಅಂದರೆ ಗರಡಿಮನೆ, ಇತ್ತು. ಮಾಸ್ತರರು ವಿಜಾಪುರದ ಕಡೆಯವರು. ಗಿಡ್ಡ ಆಳು, ಮುದುಡಿದ ಕಿವಿ, ಮೊಣಕೈವರೆಗೆ ಮಡಚಿದ ಬಿಳಿ ಅಂಗಿ. ಹಗಲೆಲ್ಲ ಮೈದಾನದಲ್ಲಿ ಸೀಟಿ ಊದಿ ಊದಿ ಸಾಕಾಗಿದ್ದರೂ ಸಂಜೆ ಲಂಗೋಟ ಕಟ್ಟಿಕೊಂಡು ಮಣ್ಣಿಗೆ ಇಳಿಯುತ್ತಿದ್ದರು. ಕುಸ್ತಿ ತಂಡದ ಆರು ಹುಡುಗರಲ್ಲಿ ಒಬ್ಬೊಬ್ಬರಿಗೂ ತಾವೇ ಜೋರು ಕೊಡುತ್ತಿದ್ದರು. ಜೋರು ಎಂದರೆ ಅಭ್ಯಾಸಕ್ಕೆ ಹಿಡಿಯುವ ಪಟ್ಟು. ಅಲ್ಲಿ ಗೆದ್ದವನಿಲ್ಲ, ಸೋತವನಿಲ್ಲ. ಅವರ ಕೈ ಹೆಗಲ ಮೇಲೆ ಬಿದ್ದರೆ ಹೆಬ್ಬಾಗಿಲ ಅಗುಳಿ ಬಿದ್ದಂತಿರುತ್ತಿತ್ತು. ಆದರೂ ಆ ಕೈಯಿಂದ ನನಗೆ ಒಂದು ದಿನವೂ ಪೆಟ್ಟಾಗಿರಲಿಲ್ಲ.

ಶಾಲೆ ಶಾಲೆಗಳ ನಡುವಿನ ಕುಸ್ತಿ ನಡೆಯುತ್ತಿದ್ದದ್ದು ದೀಪಾವಳಿ ರಜೆ ಮುಗಿದ ಮೇಲೆ. ಅದಕ್ಕೊಂದು ಕಾಯಿದೆ ಇತ್ತು. ಹಂಗಾಮು ಶುರುವಾಗುವವರೆಗೆ ತಂಡದ ಹುಡುಗ ಹೊರಗಿನ ಯಾವ ಅಖಾಡದಲ್ಲೂ ಪಂದ್ಯದ ಕುಸ್ತಿ ಹಿಡಿಯಕೂಡದು. ಹಿಡಿದದ್ದು ಗೊತ್ತಾದರೆ ಅವನೊಬ್ಬನೇ ಅಲ್ಲ, ಇಡೀ ಶಾಲೆ ಆ ವರ್ಷ ಹೊರಗೆ. ಪಂದ್ಯ ನಡೆಸುವ ಕಮಿಟಿಯವರ ಮುಂದೆ ಸುಳ್ಳು ಹೇಳಿ ಸಿಕ್ಕಿಬಿದ್ದರಂತೂ ಅದನ್ನು ಸ್ಕೂಲ್ ಲೀವಿಂಗ್ ಸರ್ಟಿಫಿಕೇಟಿನಲ್ಲಿ ಬರೆಯುತ್ತಿದ್ದರು. ಹೊರಗಿನ ದಂಗಲ್‌ಗಳಲ್ಲಿ ಶಾಲೆಯ ಹುಡುಗರನ್ನು ಮೀಸೆ ಬಂದ ಪೈಲವಾನರ ಜೊತೆ ಬಿಟ್ಟು ಕೈಕಾಲು ಮುರಿಸಿದ್ದರಿಂದ ಬಂದ ಕಾಯಿದೆಯದು. ಜೋರಿಗೆ ಮಾತ್ರ ಯಾವ ಅಡ್ಡಿಯೂ ಇರಲಿಲ್ಲ. ಹಲಗಿ ಎಂಬ ಚರ್ಮದ ತಮಟೆಯನ್ನು ಬಾರಿಸುತ್ತಿದ್ದದ್ದು ಪಂದ್ಯದ ಕುಸ್ತಿಗೆ, ಜೋರಿಗಲ್ಲ. ಯಾವುದು ಜೋರು, ಯಾವುದು ಕುಸ್ತಿ ಎಂದು ಹುಡುಗರು ತಲೆ ಕೆಡಿಸಿಕೊಳ್ಳಬಾರದೆಂದು ಮಾಸ್ತರರು ಅದನ್ನು ಸುಲಭ ಮಾಡಿ ಹೇಳಿಕೊಟ್ಟಿದ್ದರು.

"ನೋಡ್ರಲೇ, ಜೋರ ಎಲ್ಲಿ ಬೇಕಾರ ಮಾಡ್ರಿ. ಹಲಗಿ ಬಡಿಯಾಕ ಹತ್ತಿದ್ರೋ, ಅದು ಕುಸ್ತಿ. ಎದ್ದ ಬರ್ರಿ."

ಆ ವರ್ಷ ನಾಗರ ಪಂಚಮಿಗೆ ನಾನು ಘಾಟ್ಕೋಪರಿನಲ್ಲಿದ್ದ ಕಾಕಾನ ಮನೆಗೆ ಹೋಗಿದ್ದೆ. ಪಂಚಮಿಯ ದಿನ ತಾಲೀಮುಗಳಲ್ಲಿ ಕುಸ್ತಿ ಇರುವುದು ಊರಿಗೆಲ್ಲ ಗೊತ್ತು. ಕಾಕಾನಿಗೆ ತನ್ನ ಅಣ್ಣನ ಮಗ ಪೈಲವಾನ ಎಂಬ ಜಂಭ ಬೇರೆ. ಬೆಳಿಗ್ಗೆ ಮಳೆ ನಿಂತ ಮೇಲೆ, "ಬಾರೋ, ಕುಸ್ತಿ ಸುರು ಆಗೂಕಿಂತ ಮೊದಲ ನಾಕ ಕೈ ಜೋರ ಮಾಡಿ ಬರೂಣು," ಎಂದು ಕರೆದುಕೊಂಡು ಹೋದ. ಜೋರು ತಾನೇ ಎಂದುಕೊಂಡು ಇಳಿದೆ. ನನ್ನದೇ ಮೈಕಟ್ಟಿನ, ನನ್ನದೇ ವಯಸ್ಸಿನ ಮರಾಠಿ ಹುಡುಗನೊಬ್ಬ ಎದುರಿಗೆ ಬಂದ. ಇಬ್ಬರೂ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡು ಕೈ ಹಿಡಿದೆವು. ಅವನು ಎಡಗಾಲಿಗೆ ಬೀಳುವ ಆಳು. ನನ್ನ ಎಡಗಾಲನ್ನು ಎರಡು ಸಲ ಹಿಡಿದ, ಎರಡು ಸಲವೂ ನಾನು ಬಿಡಿಸಿಕೊಂಡೆ. ನೋಡುತ್ತ ನಿಂತವರಿಗೆ ಹುರುಪು ಬಂತು. ಹಾಗಿರುವಾಗ ಮೂಲೆಯಲ್ಲಿ ಯಾರೋ ಬೆಂಕಿಗೆ ಹಿಡಿದು ಕಾಯಿಸುತ್ತಿದ್ದ ಹಲಗಿಯನ್ನು ಬಾರಿಸತೊಡಗಿದರು.

ಎದ್ದು ಬರಬೇಕಾಗಿತ್ತು. ನನಗೆ ಕೇಳಿಸಲಿಲ್ಲ ಎಂದು ಹೇಳುವಂತಿಲ್ಲ, ಚೆನ್ನಾಗಿ ಕೇಳಿಸಿತು. ಆ ಸದ್ದು ಎದೆಯೊಳಗೇ ಬಾರಿಸಿದಂತಿತ್ತು, ಮೈಯೆಲ್ಲ ಬಿಸಿಯಾಯಿತು. ಸತ್ಯ ಹೇಳಬೇಕೆಂದರೆ ನನಗೆ ಖುಷಿಯಾಗಿತ್ತು. ಇನ್ನೊಂದು ಸಲ ಅವನು ಎಡಗಾಲಿಗೆ ಬೀಳುವುದನ್ನೇ ಕಾದು ಮೇಲಿನಿಂದ ಅಮುಕಿ, ತಿರುವಿ, ಚಿತ್ ಮಾಡಿಬಿಟ್ಟೆ. ಯಾರೋ ನನ್ನನ್ನು ಹೆಗಲ ಮೇಲೆ ಎತ್ತಿಕೊಂಡರು. ಒದ್ದೆ ತಲೆಗೆ ಗುಲಾಬಿ ಬಣ್ಣದ ಪೇಟಾ ಕಟ್ಟಿ ಕೈಗೆ ತೆಂಗಿನಕಾಯಿ ಕೊಟ್ಟರು. ಹಲಗಿ ನಿಂತಿತು. ಆಗ ಮಾಸ್ತರರ ಮಾತು ನೆನಪಾಗಿ, ಎತ್ತಿದವರ ಹೆಗಲ ಮೇಲಿಂದ ಜಾರಿ ಕೆಳಗಿಳಿದೆ.

ಪೇಟಾವನ್ನು ಕಾಕಾನ ಮನೆಯಲ್ಲೇ ಬಿಟ್ಟೆ. ತೆಂಗಿನಕಾಯಿಯನ್ನು ಗುಡಿಯದೆಂದು ಹೇಳಿ ಅವ್ವನ ಕೈಗೆ ಕೊಟ್ಟೆ. ಅದರ ಚಟ್ನಿಯನ್ನು ತಟ್ಟೆಯ ಅಂಚಿಗೆ ಸರಿಸಿಟ್ಟೆ.

ಪಂಚಮಿಯಿಂದ ದೀಪಾವಳಿಯವರೆಗೆ ನಾನು ಬದುಕಿದ ರೀತಿಯನ್ನು ಈಗ ಹೇಳಿದರೆ ನಗು ಬರಬಹುದು. ಓಣಿಯಲ್ಲಿ ಯಾರಾದರೂ ಖಾಲಿ ಡಬ್ಬಿ ಬಡಿದರೂ ಬೆಚ್ಚಿಬೀಳುತ್ತಿದ್ದೆ. ಮಾಸ್ತರರು ಹಾಜರಿ ಕೂಗುವಾಗ ನನ್ನ ಹೆಸರಿನ ಹಿಂದಿನ ಹೆಸರು ಬರುತ್ತಲೇ ಮುಂದಿನವನ ಬೆನ್ನ ಮರೆಗೆ ಸರಿಯುತ್ತಿದ್ದೆ. ನಮ್ಮ ತಂಡದ ನಾಯಕ ಎಸ್ಸೆಸ್ಸಿಯ ಹುಡುಗ, ಅವನಿಗೆ ಅದೇ ಕೊನೆಯ ವರ್ಷ. ಬೆಳಿಗ್ಗೆ ನಾಲ್ಕಕ್ಕೇ ಎದ್ದು ದಂಡ ಹೊಡೆಯುತ್ತಿದ್ದ. ಅವನನ್ನು ನೋಡಿದಾಗಲೆಲ್ಲ, ಇವನ ಒಂದು ವರ್ಷವನ್ನು ನಾನು ಒಂದು ತೆಂಗಿನಕಾಯಿಗೆ ಮಾರಿಬಿಟ್ಟೆ ಅನ್ನಿಸುತ್ತಿತ್ತು. ಇಳಿಯುವಾಗ ಹಲಗಿ ಇರಲಿಲ್ಲವಲ್ಲ, ಆದ್ದರಿಂದ ಅದು ಜೋರೇ ಎಂದು ನನಗೆ ನಾನೇ ವಕೀಲಿ ಮಾಡಿಕೊಳ್ಳುತ್ತಿದ್ದೆ. ಒಂದು ದಿನ ಎಲ್ಲ ಹೇಳಿಬಿಡೋಣವೆಂದು ಧೈರ್ಯ ಮಾಡಿ ಮಾಸ್ತರರ ಕೋಣೆಯ ಬಾಗಿಲಿಗೆ ಹೋಗಿ ನಿಂತೆ. ಅವರು ಹರಿದ ವಾಲಿಬಾಲ್ ನೆಟ್ಟಿಗೆ ಗಂಟು ಹಾಕುತ್ತ ಕೂತಿದ್ದರು. ತಲೆ ಎತ್ತಿ ನೋಡಿ, "ಯಾಕೋ ತಮ್ಮಾ, ಮಾರಿ ಬಿಳಿಚೇತಿ? ಜ್ವರಾ ಬಂದಾವೇನು?" ಎಂದರು.

"ಹೂಂ ರೀ ಸರ," ಎಂದೆ. ಎದ್ದು ಬಂದು ನನ್ನ ಹಣೆ ಮುಟ್ಟಿ ನೋಡಿ ಮನೆಗೆ ಕಳಿಸಿದರು.

ಕುಸ್ತಿಯ ದಿನ ಬಂತು. ಬೆಳಿಗ್ಗೆ ತೂಕ ನೋಡುವ ಮೊದಲು ಒಂದೊಂದು ಶಾಲೆಯ ಮಾಸ್ತರರೂ ಒಂದು ಕಾಗದಕ್ಕೆ ಸಹಿ ಹಾಕಬೇಕಾಗಿತ್ತು. ತಮ್ಮ ಹುಡುಗರಲ್ಲಿ ಯಾರೂ ಹಂಗಾಮಿಗೆ ಮೊದಲು ಹೊರಗೆ ಕುಸ್ತಿ ಹಿಡಿದಿಲ್ಲವೆಂದು ಅದರಲ್ಲಿ ಬರೆದಿತ್ತು. ನಮ್ಮ ಮಾಸ್ತರರು ಅದನ್ನು ಓದಲಿಲ್ಲ. ಜೇಬಿನಿಂದ ಪೆನ್ನು ತೆಗೆದು ಕನ್ನಡದಲ್ಲಿ ಸಹಿ ಮಾಡಿ, ನಮ್ಮ ಕಡೆ ನೋಡಿ ನಕ್ಕರು. ನಾನೂ ನಕ್ಕೆ. ಆಮೇಲೆ ತೂಕದ ಸಾಲಿನಲ್ಲಿ ನಿಂತು ಹಿಂತಿರುಗಿ ನೋಡಿದರೆ, ಬೇರೊಂದು ಶಾಲೆಯ ಬನಿಯನ್ನು ಹಾಕಿಕೊಂಡು ಘಾಟ್ಕೋಪರಿನ ಆ ಹುಡುಗ ನಿಂತಿದ್ದ. ಅವನೂ ನನ್ನನ್ನು ಕಂಡ. ಅವನ ಮುಖದ ನೆತ್ತರೆಲ್ಲ ಇಳಿದುಹೋಯಿತು. ಅವನೂ ನನ್ನ ಹಾಗೆಯೇ ಕದ್ದು ಹಿಡಿದವನೆಂದು ಆಗ ತಿಳಿಯಿತು. ಇಬ್ಬರೂ ಗುರುತೇ ಇಲ್ಲದವರಂತೆ ಬೇರೆ ಕಡೆ ಮುಖ ತಿರುಗಿಸಿದೆವು. ಮಧ್ಯಾಹ್ನ ಚೀಟಿ ಎತ್ತಿದಾಗ ನನ್ನ ಜೋಡಿಗೆ ಬಂದವನು ಅವನೇ.

ಹೊಸಬರು ಎದುರಾದರೆ ಮೊದಲು ಕೈ ಕೈ ತಾಗಿಸಿ ನೋಡುತ್ತಾರೆ. ಎದುರಿನವನ ಬಲ ಎಲ್ಲಿದೆ, ಯಾವ ಕಾಲು ಮುಂದಿಡುತ್ತಾನೆ ಎಂದು ಸುತ್ತು ಹಾಕುತ್ತಾರೆ. ನಾವು ಅದೊಂದನ್ನೂ ಮಾಡಲಿಲ್ಲ. ಹೆದರಿಕೆಯಲ್ಲಿ ಮರೆತೇಬಿಟ್ಟೆವು. ಇಳಿದ ಕೂಡಲೇ ನಾನು ಎಡಗಾಲನ್ನು ಹಿಂದೆ ಸರಿಸಿಕೊಂಡು ನಿಂತೆ. ಅವನು ಕಾಲಿನ ಆಸೆಯನ್ನೇ ಬಿಟ್ಟು ಕುತ್ತಿಗೆಗೆ ಬಂದ. ಎಷ್ಟು ಹೊತ್ತಾದರೂ ಯಾರೂ ಬೀಳಲಿಲ್ಲ. ಪಂಚರು ಸ್ವಲ್ಪ ನೀರು ಕುಡಿದು ಬನ್ನಿ ಎಂದು ಬಿಡಿಸಿದರು. ಮಾಸ್ತರರು ಅಖಾಡದ ಅಂಚಿನಲ್ಲಿ ಕೈ ಕಟ್ಟಿ ನಿಂತಿದ್ದವರು ಒಂದು ಮಾತೂ ಕೂಗಿರಲಿಲ್ಲ. ಟವೆಲ್ಲು ಕೊಡುವ ನೆಪದಲ್ಲಿ ನನ್ನನ್ನು ಪಕ್ಕಕ್ಕೆ ಕರೆದರು.

"ಇವನ್ನ ಮೊದಲ ಎಲ್ಲೆ ಹಿಡಿದಿದ್ದಿ?"

ಸುಳ್ಳಿಗೆ ಜಾಗವೇ ಇರಲಿಲ್ಲ. ಘಾಟ್ಕೋಪರಿನಲ್ಲಿ ಜೋರು ಮಾಡಿದ್ದೆ ಎಂದೆ.

"ಹಲಗಿ ಬಡದಿತ್ತೇನು?"

"ಇಳಿಯೂಮುಂದ ಇರಲಿಲ್ರಿ ಸರ."

"ಏಳೂಮುಂದ?"

ಆ ಪ್ರಶ್ನೆಯನ್ನು ಅವರು ಬಹಳ ಮೆತ್ತಗೆ ಕೇಳಿದರು. ಹೌದು ಎಂದಿದ್ದರೆ ಏನು ಮಾಡುತ್ತಿದ್ದರೋ... ಬಹುಶಃ ತಾವೇ ಹೋಗಿ ತಂಡವನ್ನು ಹಿಂದೆ ತೆಗೆದುಕೊಳ್ಳುತ್ತಿದ್ದರು. ಅವರ ಹೆಗಲಾಚೆ ನಮ್ಮ ನಾಯಕ ಮೈಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದದ್ದು ಕಾಣಿಸುತ್ತಿತ್ತು. ನಾಲಿಗೆ ತಾನಾಗಿ "ಇರಲಿಲ್ರಿ" ಎಂದಿತು. ಮಾಸ್ತರರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಬೆನ್ನ ಮೇಲಿನ ಮಣ್ಣು ಒರೆಸಿ, "ಹಂಗಾರ ಹೋಗು," ಎಂದರು.

ಮತ್ತೆ ಇಳಿದೆವು. ಹೇಗೋ ನಾನೇ ಗೆದ್ದೆ. ಗೆದ್ದು ಎದ್ದು ನಿಂತಾಗ ಪ್ರೇಕ್ಷಕರ ನಡುವಿನಿಂದ ಮೂರನೆಯ ಒಂದು ಶಾಲೆಯ ಮಾಸ್ತರರೊಬ್ಬರು ಕಮಿಟಿಯ ಮೇಜಿನ ಕಡೆ ಹೊರಟಿದ್ದರು. ಅವರ ಮನೆ ಘಾಟ್ಕೋಪರಿನಲ್ಲೇ ಇತ್ತು. ಪಂಚಮಿಯ ದಿನ ಈ ಇಬ್ಬರ ಕುಸ್ತಿಯನ್ನು ತಾನೇ ಕಣ್ಣಾರೆ ಕಂಡಿದ್ದೇನೆ ಎಂದು ದೂರು ಕೊಟ್ಟರು. ನಮ್ಮಿಬ್ಬರನ್ನೂ ಮೇಜಿನ ಮುಂದೆ ನಿಲ್ಲಿಸಿದರು. ಮೊದಲು ನಮ್ಮ ಮಾಸ್ತರರನ್ನು ಕೇಳಿದರು. ಅವರು ತಮ್ಮ ವಿಜಾಪುರದ ಮರಾಠಿಯಲ್ಲಿ, ಹುಡುಗನನ್ನು ಕೇಳಿದ್ದೇನೆ, ಅದು ಬರೀ ಜೋರಂತೆ, ನನ್ನ ಹುಡುಗ ಇಲ್ಲವೆಂದರೆ ಇಲ್ಲ ಎಂದರು. ಆಮೇಲೆ ಆ ಹುಡುಗನ ಸರದಿ. ನೆಲ ನೋಡುತ್ತ, "ಹೋಯ್. ಹಲಗಿ ವಾಜತ್ ಹೋತೀ," ಎಂದುಬಿಟ್ಟ. ಹೌದು, ಹಲಗಿ ಬಾರಿಸುತ್ತಿತ್ತು, ಅಷ್ಟೇ. ನನ್ನಷ್ಟೇ ಹೆದರಿದ್ದ ಹುಡುಗ ಹೇಳಿದ ಮಾತು ಅದು.

ಕಮಿಟಿಯವರು ನನ್ನ ಕಡೆ ತಿರುಗಿದರು. ನನಗೆ ಸರ್ಟಿಫಿಕೇಟು ಕಣ್ಣೆದುರು ಬಂತು, ಅದನ್ನು ಹಿಡಿದುಕೊಂಡು ಕೂತ ಅಪ್ಪ ಬಂದರು. ಬಾಯಿ ತೆರೆಯಿತು, ದನಿ ಹೊರಡಲಿಲ್ಲ. ಆಗ ಮಾಸ್ತರರು ಒಂದು ಹೆಜ್ಜೆ ಮುಂದೆ ಬಂದು ನನಗೆ ಅಡ್ಡ ನಿಂತರು. ಈ ಹುಡುಗ ನನಗೆ ಖರೆ ಹೇಳಿದ್ದ, ಹಲಗಿ ಬಡಿದದ್ದನ್ನೂ ಹೇಳಿದ್ದ, ಮುಚ್ಚಿಟ್ಟವನು ನಾನು, ಈಗ ನಿಮ್ಮ ಮುಂದೆ ಸುಳ್ಳು ಹೇಳಿದವನೂ ನಾನೇ ಎಂದರು. ಹೇಳುವಾಗ ನನ್ನ ಕಡೆ ನೋಡಲಿಲ್ಲ. ನನಗೆ ಕಂಡದ್ದು ಬೆವರಿನಿಂದ ಬೆನ್ನಿಗೆ ಅಂಟಿದ್ದ ಅವರ ಬಿಳಿ ಅಂಗಿ ಮಾತ್ರ.

ಎರಡೂ ಶಾಲೆಗಳು ಆ ವರ್ಷ ಹೊರಬಿದ್ದವು. ನಮ್ಮ ಮಾಸ್ತರರು ಇನ್ನು ಮುಂದೆ ಯಾವ ತಂಡವನ್ನೂ ತರಕೂಡದೆಂದು ಬರೆದರು. ವಾಪಸು ಬರುವಾಗ ಲೋಕಲ್‌ನಲ್ಲಿ ಅವರು ಕಿಟಕಿಯ ಹತ್ತಿರ ಕೂತು ಎಲ್ಲರಿಗೂ ಶೇಂಗಾ ಹಂಚಿದರು, ನನಗೂ ಕೊಟ್ಟರು. ನಾಯಕ ಅವನ ಪಾಲನ್ನು ಕಿಟಕಿಯಿಂದ ಆಚೆ ಎಸೆದ. ಸ್ಟೇಷನ್ನಿನಲ್ಲಿ ಇಳಿದು ನಡೆಯುವಾಗ ಅವನು ನನ್ನ ಹತ್ತಿರ ಬಂದು, "ಸರ್‌ಗೆ ಎಲ್ಲಾ ಗೊತ್ತಿತ್ತಂತ. ಅವರಿಂದ ನನ್ನ ವರ್ಷ ಹಾಳಾತು. ಹೌದಿಲ್ಲೋ?" ಎಂದ.

"ಹೌದು," ಎಂದೆ. ಮಧ್ಯಾಹ್ನವೆಲ್ಲ ಬಾಯಿಗೆ ಬರದಿದ್ದ ಮಾತು ಆಗ ಎಷ್ಟು ಸಲೀಸಾಗಿ ಬಂತು ನೋಡಿ.

ಮರುದಿನದಿಂದ ತಾಲೀಮಿಗೆ ಬೇರೆಯವರು ಬಂದರು. ಮಾಸ್ತರರು ಮೈದಾನದಲ್ಲಿ ಸೀಟಿ ಊದುವುದನ್ನು ಮುಂದುವರಿಸಿದರು, ಮಣ್ಣಿಗೆ ಮಾತ್ರ ಇಳಿಯಲಿಲ್ಲ. ಶಾಲೆಯಲ್ಲಿ ಎಲ್ಲರೂ ಅವರನ್ನು ಸುಳ್ಳು ಮಾಸ್ತರ ಎಂದು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಅವರಿಗೆ ಅದು ಕೇಳಿಸುತ್ತಿತ್ತು. ಒಂದು ದಿನವಾದರೂ ನನ್ನನ್ನು ಕರೆದು ಬೈಯಲಿ ಎಂದು ಕಾದೆ, ಕರೆಯಲಿಲ್ಲ. ನಾನಾಗಿ ಹೋಗಬಹುದಿತ್ತು. ಬಾಗಿಲವರೆಗೆ ಹೋಗಿ ಬರುವುದರಲ್ಲೇ ನನ್ನ ಎಸ್ಸೆಸ್ಸಿ ಮುಗಿಯಿತು. ಸರ್ಟಿಫಿಕೇಟಿನಲ್ಲಿ ನಡತೆ ಉತ್ತಮ ಎಂದು ಬರೆದಿದ್ದರು.

ನೌಕರಿ ಸೇರಿ ಕೆಲವು ವರ್ಷಗಳಾದ ಮೇಲೆ ಅವರನ್ನು ಅಂಧೇರಿ ಸ್ಟೇಷನ್ನಿನಲ್ಲಿ ಕಂಡೆ. ಎದುರಿನ ಪ್ಲಾಟ್‌ಫಾರ್ಮಿನಲ್ಲಿ ಕೈಯಲ್ಲೊಂದು ಕೊಡೆ ಹಿಡಿದು ನಿಂತಿದ್ದರು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ಒಂದು ಆಫೀಸಿನ ಹಿರಿಯ ಗುಮಾಸ್ತ, ಮದುವೆಯಾದ ಗಂಡಸು, ಓಡಿಹೋಗಿ ಕಂಬದ ಮರೆಗೆ ನಿಂತೆ. ಏಳೂಮುಂದ? ಎಂದು ಇನ್ನೊಮ್ಮೆ ಕೇಳಿಬಿಟ್ಟಾರೆಂಬ ಹೆದರಿಕೆ. ಲೋಕಲ್ ಬಂದು ಅವರನ್ನು ಕರೆದುಕೊಂಡು ಹೋಯಿತು. ಮತ್ತೆ ಕಾಣಲಿಲ್ಲ. ಊರಿಗೆ ಹೋಗಿ ತೀರಿಕೊಂಡರೆಂಬ ಸುದ್ದಿ ಬಂದದ್ದು ಅದಾದ ಎಷ್ಟೋ ತಿಂಗಳಿಗೆ, ಯಾರಿಂದಲೋ.

ಮೊನ್ನೆ ಮಜ್ಜಿಗೆಯ ವಾಸನೆ ಬಂದ ದಿನ ಅವರ ಮುಖ ನೋಡಬೇಕೆನ್ನಿಸಿ, ಕಪಾಟಿನಲ್ಲಿದ್ದ ಹಳೆಯ ಫೋಟೋಗಳನ್ನೆಲ್ಲ ಹಾಸಿಗೆಯ ಮೇಲೆ ಹರವಿಕೊಂಡು ಕೂತೆ. ಮೊಮ್ಮಗಳು ಬಂದು, "ಅಜ್ಜಾ, ಕ್ಯಾ ಢೂಂಢ ರಹೇ ಹೋ?" ಎಂದು ಕೇಳಿದಳು. ನಮ್ಮ ಡ್ರಿಲ್ ಮಾಸ್ತರರ ಫೋಟೋ ಹುಡುಕುತ್ತಿದ್ದೇನೆ ಎಂದೆ. ಅವಳೂ ನನ್ನ ಜೊತೆ ಒಂದಿಷ್ಟು ಹುಡುಕಿದಳು. ಸಿಗಲಿಲ್ಲ, ಸಿಗುವಂತೆಯೂ ಇರಲಿಲ್ಲ. ಕುಸ್ತಿ ಮುಗಿದ ಮೇಲೆ ಪ್ರತಿ ವರ್ಷ ಮಾಸ್ತರರನ್ನು ನಡುವೆ ಕೂರಿಸಿ ತಂಡದ ಫೋಟೋ ತೆಗೆಸುವ ಪದ್ಧತಿ ಶಾಲೆಯಲ್ಲಿತ್ತು. ನಾನು ತಂಡದಲ್ಲಿದ್ದದ್ದು ಆ ಒಂದೇ ವರ್ಷ. ಆ ವರ್ಷ ಫೋಟೋ ತೆಗೆಸಲಿಲ್ಲ.