ಒಂಟಿ ಸೀನು

ತೇಜುವಿನ ಕ್ರೀಡಾಜೀವನದಲ್ಲಿ ಅವಳ ಮೊಣಕಾಲಿಗಿಂತ ಹೆಚ್ಚು ಸವೆದದ್ದು ನನ್ನ ಕಾರಿನ ಟೈರು. ನಾಲ್ಕು ವರ್ಷದಿಂದ ಪ್ರತಿ ಶನಿವಾರ ಐರ್ಲೆಂಡಿನ ಕಾರ್ಕ್ ಊರಿನ ಡಗ್ಲಸ್‌ನಿಂದ ಡಬ್ಲಿನ್ ಹತ್ತಿರದ ಸ್ಕೀ ಗುಡ್ಡಕ್ಕೆ ಅವಳನ್ನು ಕರೆದೊಯ್ಯುವವನು ಪಕ್ಕದ ಮನೆಯ ಮಂಜೇಶ, ಅಂದರೆ ನಾನು. ಒಂದು ದಿನ ಮಾತಿಗೆ ‘ಡ್ರಾಪ್ ಮಾಡ್ತೀನಿ’ ಅಂದುಬಿಟ್ಟೆ. ಮಾತು ಆಡಿದರೆ ಹೋಯಿತು.

ಹಿಮ ಬಿದ್ದರೂ ನಿಲ್ಲದ ಈ ದೇಶದಲ್ಲಿ ಸ್ಕೀ ಕಲಿಯುವುದು ಪ್ಲಾಸ್ಟಿಕ್ಕಿನ ಮೇಲೆ. ಬಟ್ಟೆ ತಿಕ್ಕುವ ಬ್ರಷ್ಷುಗಳನ್ನು ಅಂಗಾತ ಹಾಸಿದಂಥ ಇಳಿಜಾರು. ಜಾರಲೆಂದು ಅದಕ್ಕೆ ನೀರು ಚಿಮುಕಿಸುತ್ತಲೇ ಇರುತ್ತಾರೆ. ತೇಜುವಿಗೆ ಹುಟ್ಟಿನಿಂದ ಬೆಳಕು, ನೆರಳು ಬಿಟ್ಟರೆ ಏನೂ ಕಾಣದು. ದಾವಣಗೆರೆಯಲ್ಲಿ ಅಮ್ಮ ಗಂಗಮ್ಮ ಒಬ್ಬಳೇ ರಸ್ತೆ ದಾಟಲೂ ಬಿಡದ ಹುಡುಗಿ, ಲಿಮೆರಿಕ್‌ಗೆ ಇಂಜಿನಿಯರಿಂಗ್ ಓದಲು ಬಂದು, ಆಮೇಲೆ ಕಾರ್ಕಿನಲ್ಲಿ ಕೆಲಸ ಹಿಡಿದು, ಈ ಹುಚ್ಚು ಹಚ್ಚಿಕೊಂಡಳು. ಮೊದಲ ವರ್ಷವೆಲ್ಲ ಬಿದ್ದಳು. ಎರಡನೆಯ ವರ್ಷ ಚೆನ್ನಾಗಿ ಬಿದ್ದಳು.

ಆಮೇಲೆ ಗೈಡ್ ಆಗಿ ಅರೀಬಾ ಸಿಕ್ಕಿದಳು. ಲಿಮೆರಿಕ್‌ನಲ್ಲೇ ಹುಟ್ಟಿದ ಹುಬ್ಬಳ್ಳಿಯವರ ಮಗಳು. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಐರಿಶ್ ಇಂಗ್ಲಿಷಿನಲ್ಲಿ. ಅವಳು ಮುಂದೆ ಜಾರುತ್ತ ಮೈಕಿನಲ್ಲಿ ‘ಎಡ, ಬಲ’ ಎಂದು ಕೂಗಬೇಕು; ಇವಳು ಕಿವಿಯೊಳಗಿನ ಆ ದನಿ ಹಿಡಿದು, ಇಳಿಜಾರಿನಲ್ಲಿ ನೆಟ್ಟ ಕಂಬಗಳನ್ನು ಸುತ್ತಿ ಇಳಿಯಬೇಕು.

ಈ ಮಾರ್ಚಿನಲ್ಲಿ ಆಯ್ಕೆಯ ದಿನ ಬಂತು. ಎರಡು ಸಲ ಇಳಿಯಬೇಕು, ಒಟ್ಟು ಐವತ್ತು ಸೆಕೆಂಡು ಮೀರಬಾರದು. ಗೆದ್ದರೆ ತಂಡದ ಜೊತೆ ಆಸ್ಟ್ರಿಯಾ, ನಿಜವಾದ ಹಿಮ. ಇಲ್ಲದಿದ್ದರೆ ಇನ್ನೆರಡು ವರ್ಷ ಬ್ರಷ್ಷು.

ಕೋಟುಗಳನ್ನು ಹೊತ್ತುಕೊಂಡು ನಾನೂ ಮೇಲೆಯೇ ನಿಂತಿದ್ದೆ. ಮೂರು, ಎರಡು, ಒಂದು... ಆ ನೀರಿನ ತುಂತುರಿಗೆ ಅರೀಬಾ ಒಂದು ಸೀನು ಸೀನಿದಳು. ‘ಅಲ್‌ಹಮ್ದುಲಿಲ್ಲಾ’ ಎಂದಳು, ಹೊರಟಳು. ಅವಳ ಮನೆಯಲ್ಲಿ ಸೀನಿದರೆ ದೇವರಿಗೆ ಕೃತಜ್ಞತೆ. ಗಂಗಮ್ಮನವರ ಮನೆಯಲ್ಲಿ ಹೊರಡುವಾಗ ಒಂಟಿ ಸೀನು ಬಂದರೆ ನಿಲ್ಲಬೇಕು, ಕೂತು ನೀರು ಕುಡಿಯಬೇಕು. ಎರಡು ಬಂದರೆ ದೋಷವಿಲ್ಲ.

ತೇಜು ನಿಂತೇಬಿಟ್ಟಳು! ಅರೀಬಾ ಹಿಂದೆ ಯಾರೂ ಇಲ್ಲದೆ ಮೂರು ಕಂಬದವರೆಗೆ ‘ಎಡ, ಬಲ’ ಕೂಗುತ್ತ ಹೋದಳು. ನಾನು ‘ಹೋಗೇ ತಾಯಿ!’ ಎಂದು ಕಿರುಚಿದ ಮೇಲೆ ಇವಳು ಇಳಿದಳು. ಇಪ್ಪತ್ತೊಂಬತ್ತು ಸೆಕೆಂಡು. ನನಗೆ ಅಳುವೇ ಬಂತು.

“ಇಂಜಿನಿಯರ್ ಅಲ್ವೇನೇ ನೀನು?” ಎಂದು, ಮತ್ತೆ ಮೇಲೆ ಹತ್ತಿ ಬಂದ ತೇಜುವಿನ ಮೇಲೆ ರೇಗಿದೆ.

“ಗೊತ್ತು ಮಂಜೇಶಣ್ಣ, ಮೂಢನಂಬಿಕೆ. ಆದ್ರೆ ಕಾಲಿಗೆ ಗೊತ್ತಿಲ್ವಲ್ಲ, ಎರಡು ಸೀನು ಬಂದಿದ್ರೆ ಹೊರಡ್ತಿತ್ತು. ಇವಳಿಗೆ ನೆಗಡಿ, ಬೇರೆ ಗೈಡ್ ಸಿಗ್ತಾರಾ?”

“ನೆಗಡಿ ಆಯ್ತು ಅಂತ ಮೂಗು ಕೊಯ್ಕೊಳ್ತೀಯಾ?”

ಅರೀಬಾ ಎಲ್ಲ ಕೇಳಿಸಿಕೊಂಡಳು. ‘ಗ್ರ್ಯಾಂಡ್’ ಎಂದಳು; ಐರಿಶರ ಬಾಯಲ್ಲಿ ‘ಸರಿ ಬಿಡು’, ಅಷ್ಟೇ.

ಎರಡನೆಯ ಸರದಿ. ಇಪ್ಪತ್ತೊಂದರೊಳಗೆ ಇಳಿಯಬೇಕು. ಮೂರು, ಎರಡು... ಹಾಳಾದ್ದು, ಮತ್ತೆ ಸೀನು! ತೇಜುವಿನ ಮೊಣಕಾಲು ಬಿಗಿದುಕೊಂಡಿತು. ನಾನು ಕಣ್ಣು ಮುಚ್ಚಿಕೊಂಡೆ. ಅಷ್ಟರಲ್ಲಿ ಅರೀಬಾಳ ಎರಡನೆಯ ಸೀನು ಕೇಳಿಸಿತು. ಅದು ಸೀನಲ್ಲ, ಪುಸ್ತಕ ನೋಡಿ ಓದಿದ ಹಾಗಿತ್ತು: “ಆಕ್, ಶೀ.”

ತೇಜು ನಕ್ಕಳು, ಹಾರಿದಳು. ಇಪ್ಪತ್ತು ಸೆಕೆಂಡು, ಮೇಲೆ ಏಳು ದಶಾಂಶ.

ವಾಪಸು ಬರುವಾಗ ಕಾರಿನಲ್ಲಿ ಹೇಳಿದಳು: “ಎರಡನೇದು ಸುಳ್ಳು ಅಂತ ಗೊತ್ತಾಯ್ತು ಅಣ್ಣ. ಕಣ್ಣು ಕಾಣಲ್ಲ, ಕಿವಿಗೇನಾಗಿದೆ? ಆದ್ರೆ ನಂಗೋಸ್ಕರ ಸೀನಿದ್ಲಲ್ಲ, ಅವಳ ಹಿಂದೆ ಹೋಗ್ದೆ ಇರಕ್ಕಾಗುತ್ತಾ?” ಹಿಂದಿನ ಸೀಟಿನಲ್ಲಿ ಅರೀಬಾ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದಳು.

ಫೋನಿನಲ್ಲಿ ಆಸ್ಟ್ರಿಯಾದ ಸುದ್ದಿ ಕೇಳಿದ ಗಂಗಮ್ಮನವರು, “ಅದಿರ್ಲಿ, ಹೊರಡೋವಾಗ ಯಾರೂ ಸೀನ್ಲಿಲ್ಲ ತಾನೇ?” ಎಂದರು.

“ಅರೀಬಾ ಸೀನಿದ್ಲಮ್ಮ. ಎರಡು ಸಲ.”

“ಒಳ್ಳೇ ಹುಡುಗಿ ಕಣೇ. ಅವಳನ್ನ ಬಿಡಬೇಡ.”