ಲಾದ್ರು ಹೆದರಲಿಲ್ಲ

ನಂಬಲಿಕ್ಕೆ ಆಗುತ್ತಿಲ್ಲ...
ಬೆಳಿಗ್ಗೆ ನನ್ನ ಬೀಡಿಯಿಂದ ತನ್ನ ಬೀಡಿ ಹಚ್ಚಿಕೊಂಡವನು ಸಂಜೆಗೆ ಇಲ್ಲ.
ನಮ್ಮ ಲಾದ್ರು... ಸುರಂಗದ ಲಾದ್ರು ಹೋಗಿಬಿಟ್ಟ.

ವಾಚನಾಲಯದ ಗೆಳೆಯರೇ,
ದಯವಿಟ್ಟು ಈ ಹಾಳೆಯನ್ನು ಬೋರ್ಡಿನಿಂದ ಹರಿದು ಬಿಸಾಡಬೇಡಿ.
ಇದೇ ಬೋರ್ಡಿಗೆ ಮೇಷ್ಟ್ರ ಕೊಡೆಯ ನಿಧನವಾರ್ತೆ ಅಂಟಿಸಿದವನು ನಾನೇ.
ಪೋಸ್ಟ್‌ಮ್ಯಾನನ ಸೈಕಲ್ಲು "ಅಪಾರ ಬಂಧುಬಳಗವನ್ನು ಅಗಲಿದೆ" ಎಂದು ಬರೆದವನೂ ನಾನೇ.
ಹೋದ ತಿಂಗಳು "ಲಾದ್ರುವಿನ ಧೈರ್ಯ ಇನ್ನಿಲ್ಲ" ಎಂದು ಸುತ್ತಲೂ ಕಪ್ಪು ಗೆರೆ ಎಳೆದು ಹಾಕಿದವನೂ...
ಇದು ಅಂಥದ್ದಲ್ಲ. ಇವತ್ತು ತಮಾಷೆ ಇಲ್ಲ.

ಗುಡ್ಡದ ಹೊಟ್ಟೆಗೆ ಅಡ್ಡ ಕೊರೆದು ನೀರು ತರುವ ಕೆಲಸ ನಮ್ಮದು.
ಒಳಗೆ ಪಿಕ್ಕಾಸು ಹಿಡಿಯುವವನು ಲಾದ್ರು.
ಮಣ್ಣು ಹೊತ್ತು ಹೊರಗೆ ಹಾಕುವವನು ನಾನು.
ಸುರಂಗ ಕೊರೆಯುವವನಿಗೆ ಕತ್ತಲೆಯೆಂದರೆ ಹೆದರಿಕೆ!
ನಗಬೇಡಿ... ನಾನು ಬೇಕಾದಷ್ಟು ನಕ್ಕು ಮುಗಿಸಿದ್ದೇನೆ.
ಸಣ್ಣವನಿದ್ದಾಗ ಹಾಳುಬಾವಿಗೆ ಬಿದ್ದು ಒಂದಿಡೀ ಹಗಲು ಅಲ್ಲೇ ಕತ್ತಲೆಯಲ್ಲಿ ಇದ್ದವನು ಅವನು.
ಅಂದಿನಿಂದ ಅವನ ಮಾಂಯಿ, ಅಂದರೆ ತಾಯಿ ಕಾರ್ಮಿನ್ ಬಾಯಿ, ಮಗ ಮಲಗುವಲ್ಲಿ ಚಿಮಿಣಿ ದೀಪ ಆರಿಸಿದ್ದೇ ಇಲ್ಲ.
ಅಪ್ಪ ತೀರಿಹೋದ ಮೇಲೆ ಕೈಗೆ ಬಂದದ್ದು ಅಪ್ಪನ ಪಿಕ್ಕಾಸು ಮಾತ್ರ.

ಅದಕ್ಕೆ ಅವನೊಂದು ಉಪಾಯ ಕಂಡುಕೊಂಡಿದ್ದ.
ಅವರ ಕ್ರೈಸ್ತರಲ್ಲಿ ಮೇರಿಮಾತೆಯ ಪ್ರಾರ್ಥನೆಯ ಮೊದಲರ್ಧ ಒಬ್ಬರು ಹೇಳಿದರೆ ಉಳಿದರ್ಧವನ್ನು ಉಳಿದವರು ಹೇಳಬೇಕು.
ಒಳಗಿನಿಂದ ಲಾದ್ರು ಮೊದಲರ್ಧ...
ಸುರಂಗದ ಬಾಯಲ್ಲಿ ಕೂತು ನಾನು ಎರಡನೇ ಅರ್ಧ.
ಇಗರ್ಜಿಯ ಮೆಟ್ಟಿಲು ಹತ್ತದ ನಾನು ಕೊಂಕಣಿಯಲ್ಲಿ ಅದನ್ನು ಬಾಯಿಪಾಠ ಮಾಡಿದ್ದೆ!
ನನ್ನ ಉತ್ತರ ಬಂದರೆ ಇನ್ನೊಂದು ಮಾರು ಮುಂದೆ.
ಬಾರದಿದ್ದರೆ ಅಲ್ಲೇ ನಿಂತ.

ಒಂದು ದಿನ ನಾನು ಬೇಕೆಂದೇ ಬಾಯಿ ಮುಚ್ಚಿ ಗೇರುಮರದ ಹಿಂದೆ ಅಡಗಿದೆ.
ಲಾದ್ರು ಮೊಣಕಾಲು ತರಚಿಕೊಂಡು, ಬೆವರು ಸುರಿಸಿಕೊಂಡು ಹೊರಗೆ ಓಡಿಬಂದ.
ಆ ಸಂಜೆಯೇ ಬೋರ್ಡಿನಲ್ಲಿ ಅವನ ಧೈರ್ಯದ ನಿಧನವಾರ್ತೆ...

ಲಾದ್ರು, ಆವತ್ತು ನೀನು ನನಗೆ ಎರಡು ಬಾರಿಸಬೇಕಿತ್ತು ಮಾರಾಯ.
ನೀನು ಬಾರಿಸಲಿಲ್ಲ.
ಎರಡು ದಿನ ಕೆಲಸಕ್ಕೆ ಬರಲಿಲ್ಲ, ಅಷ್ಟೆ.
ಆದಿತ್ಯವಾರ ಪೂಜೆ ಮುಗಿಸಿ ನೇರ ನನ್ನಲ್ಲಿಗೆ ಬಂದು ಹೇಳಿದೆ:
"ಇನ್ನು ನೀನು ಹೇಳಿದ್ರೂ ಸೈ, ಬಿಟ್ರೂ ಸೈ. ಒಳಗೆ ನಾನು ಒಬ್ಬನೇ ಅಲ್ಲ."
"ಮತ್ತೆ ಯಾರು ಉಂಟು? ಬಾವಲಿಯಾ?" ಎಂದೆ ನಾನು.
"ಬಾವಲಿಯನ್ನು ಸೃಷ್ಟಿ ಮಾಡಿದವ."
ನಾನು ನಂಬಲಿಲ್ಲ. ಮರುದಿನ ಮತ್ತೆ ಸುಮ್ಮನೆ ಕೂತು ನೋಡಿದೆ.
ಒಳಗಿನಿಂದ ಮೊದಲರ್ಧ ಬಂತು... ಆಮೇಲೆ ಎರಡನೇ ಅರ್ಧವೂ ನಿನ್ನದೇ ದನಿಯಲ್ಲಿ.
ಮಣ್ಣಿನ ಬುಟ್ಟಿಯ ಹಿಂದಿನಿಂದ ಬಿಳಿ ಹಲ್ಲು ಬಿಟ್ಟುಕೊಂಡು ನೀನು ಹೊರಗೆ ಬಂದೆ.
"ನಿನ್ನ ಪಾಲಿಂದೂ ನಾನೇ ಹೇಳಿದೆ. ಚಾ ನೀನು ತಾ!"

ಇವತ್ತು ಬೆಳಿಗ್ಗೆ ಸುರಂಗದ ಮಾಡು ಕುಸಿಯಿತು.
ನಿನ್ನೆಯ ಮಳೆಗೆ ಮೇಲಿನ ಜೇಡಿಮಣ್ಣು ಸಡಿಲವಾಗಿತ್ತು... ನಮಗೆ ಗೊತ್ತಾಗಲಿಲ್ಲ.
ನಾನು ಬುಟ್ಟಿ ಹೊತ್ತು ಹೊರಗಿದ್ದೆ. ಅವನು ಒಳಗೆ.
ನಮ್ಮ ಹಿರಿಯ ಐತಪ್ಪಣ್ಣ, ಮತ್ತೆ ನಾಲ್ಕು ಜನ ಸೇರಿ ಅಗೆದರು. ಒಂದು ಬುಟ್ಟಿ ತೆಗೆದರೆ ಎರಡು ಬುಟ್ಟಿ ಬೀಳುತ್ತಿತ್ತು.
ಬದಿಯಲ್ಲಿ ಒಂದು ಬಿರುಕಿತ್ತು. ಕಿವಿ ಇಟ್ಟೆ.
"ಲಾದ್ರೂ! ಎಂತಾದ್ರೂ ಮಾತಾಡು ಮಾರಾಯ!"
"ಕಾಲು ಸಿಕ್ಕಿದೆ... ಲೈಟು ಆರಿದೆ."
"ಹೆದರ್ಬೇಡ, ಈಗ ತೆಗಿತೇವೆ."
"ಮೊದಲು ಹೆದರಿಕೆ ಆಯ್ತು. ಈಗ ಇಲ್ಲ... ನೀನ್ಯಾಕೆ ಅಳುದು?"
ನಾನು ಅಳುವುದು ಅವನಿಗೆ ಅಲ್ಲಿಗೆ ಕೇಳಿಸಿತ್ತು.
"ಮಾಂಯಿಗೆ ಹೇಳು, ಕತ್ತಲೆಗೆ ನಾನು ಹೆದರಲಿಲ್ಲ ಅಂತ. ಅವಳಿಗೆ ಅದೇ ಚಿಂತೆ."
ಆಮೇಲೆ ಪ್ರಾರ್ಥನೆ ಶುರುಮಾಡಿದ. ಮೊದಲರ್ಧ ಅವನು, ಎರಡನೇ ಅರ್ಧ ನಾನು.
ಒಂದಕ್ಷರ ತಪ್ಪದೆ ಹೇಳಿದೆ... ದೇವರಾಣೆ.
ಎಷ್ಟು ಸಲವೋ ಗೊತ್ತಿಲ್ಲ.
ಒಂದು ಸಲ ನನ್ನ ಪಾಲು ಮುಗಿದ ಮೇಲೆ ಆಚೆಯಿಂದ ಏನೂ ಬರಲಿಲ್ಲ.
ಮಧ್ಯಾಹ್ನ ದಾಟಿದ ಮೇಲೆ ಹೊರಗೆ ತೆಗೆದೆವು. ಡಾಕ್ಟರು ಬರುವ ಅಗತ್ಯವಿರಲಿಲ್ಲ.

ಅವನ ಮನೆಗೆ ಹೋದೆ. ಅವನು ಹೇಳಿದ್ದನ್ನು ಹೇಳಿದಂತೆಯೇ ಹೇಳಿದೆ.
ಕಾರ್ಮಿನ್ ಬಾಯಿ ನನ್ನ ಮುಖವನ್ನೇ ನೋಡಿದರು.
"ನನ್ನ ಸಮಾಧಾನಕ್ಕೆ ಕಟ್ಟಿ ಹೇಳುದು ಬೇಡ ಮಗಾ. ನೀನು ಹೇಳಿದ್ದು ಯಾವುದು ಸತ್ಯ ಉಂಟು?"
ಹೌದಲ್ಲ...
ಮೊನ್ನೆಯಷ್ಟೇ "ಲಾದ್ರುವನ್ನು ಮಿಲಿಟರಿಗೆ ಹಿಡ್ಕೊಂಡು ಹೋದ್ರು" ಎಂದು ಹೇಳಿ ಅವರನ್ನು ಉಪ್ಪಳ ರೈಲು ಸ್ಟೇಷನ್ನಿನವರೆಗೆ ಓಡಿಸಿದವನು ನಾನು.

ಐತಪ್ಪಣ್ಣನ ಮಾತನ್ನು ಅವರು ನಂಬುತ್ತಾರೆ. ಅಣ್ಣನ ಕೈ ಹಿಡಿದು ಬೇಡಿದೆ.
"ನೀವೂ ಕೇಳಿದ್ದೀರಿ ಅಂತ ಹೇಳಿ ಅಣ್ಣಾ."
"ಬಿರುಕಿಗೆ ಕಿವಿ ಇಟ್ಟದ್ದು ನೀನು. ನಾನು ಕೇಳದ್ದನ್ನು ಆ ತಾಯಿಯ ಎದುರು ಹೇಗೆ ಹೇಳ್ಲಿ?"
ಅವರದ್ದೂ ಸರಿಯೇ.

ಎಂತೆಂಥ ಸುಳ್ಳನ್ನು ಈ ಊರಿಗೆ ನಂಬಿಸಿದೆ ನಾನು...
ಇದೊಂದು ಸತ್ಯವನ್ನು ಒಬ್ಬ ತಾಯಿಗೆ ನಂಬಿಸಲು ಆಗುತ್ತಿಲ್ಲ.
ಮನೆಯೊಳಗೆ ಅವರು ಈಗಲೂ ಕೇಳುತ್ತಿದ್ದಾರಂತೆ, "ನನ್ನ ಮಗ ಕತ್ತಲೆಯಲ್ಲಿ ಎಷ್ಟು ಹೆದರಿದನೋ..." ಎಂದು.

ನಾಳೆ ಬೆಳಿಗ್ಗೆ ಇಗರ್ಜಿಯಲ್ಲಿ ಅವನನ್ನು ಮಣ್ಣು ಮಾಡುವುದು. ಎಲ್ಲರೂ ಬನ್ನಿ.
ಈ ಹಾಳೆ ಓದಿ ನಿಮಗೆ ನಂಬಿಕೆ ಬಂದಿದ್ದರೆ, ನನ್ನ ಹೆಸರು ಎತ್ತದೆ ಆ ತಾಯಿಗೊಂದು ಮಾತು ಹೇಳಿ, ಲಾದ್ರು ಹೆದರಲಿಲ್ಲ ಅಂತ.

ಹೋಗಿ ಬಾ ಲಾದ್ರು...
ನೀನು ನಂಬಿದವನ ಮಡಿಲಲ್ಲಿ ನಿನಗೆ ಶಾಂತಿ ಸಿಗಲಿ.
ನಿನ್ನ ಮಾಂಯಿಗೆ ಒಂದೇ ಒಂದು ಗಳಿಗೆ ನನ್ನ ಮೇಲೆ ನಂಬಿಕೆ ಬರಲಿ.

ನಿನ್ನ ಮಣ್ಣು ಹೊರುತ್ತಿದ್ದವ,
ಸಂಕಪ್ಪ