ಡಿಸ್ಕಿನಲ್ಲಿದ್ದ ಅಮ್ಮನ ಸ್ವರ

ಅಮ್ಮನ ಸ್ವರವನ್ನು ಅಳಿಸಿದ್ದು ಅಪ್ಪ ಅಲ್ಲ, ನಾನು. ಇಷ್ಟು ವರ್ಷ ನಮ್ಮ ಮನೆಯಲ್ಲಿ, ನೆಂಟರ ಬಾಯಲ್ಲಿ, ಅಪ್ಪನ ಸ್ವಂತ ಮನಸ್ಸಿನಲ್ಲೂ ಆ ತಪ್ಪು ಅಪ್ಪನದೇ ಆಗಿತ್ತು. ಅದನ್ನು ಅವರ ತಲೆಯ ಮೇಲೆ ಹೊರಿಸಿದವನು ನಾನು — ಒಂದೇ ಒಂದು ಮಾತಿನಿಂದ.

ನಾವು ಉಡುಪಿ ಕಡೆಯವರು, ಡೊಂಬಿವಲಿಯಲ್ಲಿ ನೆಲೆಯಾದವರು. ಅಪ್ಪ ಕಲ್ಯಾಣದ ಒಂದು ಹೋಟೆಲಿನ ಗಲ್ಲಾದಲ್ಲಿ ಕೂತೇ ಆಯುಷ್ಯ ಕಳೆದರು. ನಾನು ಮಹಾಪೆಯ ಒಂದು ಕಂಪೆನಿಯಲ್ಲಿದ್ದೇನೆ. ನನ್ನ ಕೆಲಸ — ಇದನ್ನು ಬರೆಯುವಾಗಲೇ ಕೈ ತಡೆಯುತ್ತದೆ — ಬೇರೆಯವರ ಕಂಪ್ಯೂಟರ್ ಮಾಹಿತಿ ಕಳೆದುಹೋಗದಂತೆ ಕಾಯುವುದು.

ಅಮ್ಮನ ಗಂಟಲಲ್ಲಿ ಗೆಡ್ಡೆ ಕಾಣಿಸಿಕೊಂಡಾಗ ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು. ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ. ಆಸ್ಪತ್ರೆಯಿಂದ ಬರುವ ದಾರಿಯಲ್ಲಿ ಅಪ್ಪ ರಿಕ್ಷಾದಲ್ಲಿ ನನ್ನ ಕಡೆ ತಿರುಗಿ ಕೇಳಿದರು, "ಅವಳ ಸ್ವರವನ್ನು ಮೊದಲೇ ಹಿಡಿದಿಡ್ಲಿಕ್ಕೆ ಆಗ್ತದಾ ಮಗಾ?"

ಆಗುತ್ತದೆ ಎಂದೆ. ಅಂದಿನಿಂದ ಆಪರೇಷನ್ನಿನವರೆಗೆ ಅಪ್ಪ ಫೋನು ಹಿಡಿದುಕೊಂಡು ಅಮ್ಮನ ಹಿಂದೆ ಹಿಂದೆಯೇ ತಿರುಗಿದರು. ಸ್ವರ ಆಗಲೇ ಸ್ವಲ್ಪ ಒಡೆದಿತ್ತು, ಆದರೂ ಅವಳದೇ. ಬಂಗುಡೆ ಮೀನಿನ ಗಸಿಗೆ ಏನೇನು ಹಾಕಬೇಕು, ಅವಳ ಅಜ್ಜಿಮನೆಯ ಬಾವಿಗೆ ಹಸು ಬಿದ್ದ ಕಥೆ, ತೊಟ್ಟಿಲಲ್ಲಿದ್ದ ನನ್ನ ಮಗಳಿಗೆ ಜೋಗುಳ, ಸೊಪ್ಪಿನವಳೊಂದಿಗೆ ಮರಾಠಿಯಲ್ಲಿ ಚೌಕಾಶಿ. ಕೆಲವು ಕಡೆ ಅಪ್ಪನಿಗೇ ಬೈಗುಳ — "ಎಂತದು ಇಡೀ ದಿನ ಅದನ್ನು ಹಿಡ್ಕೊಂಡು ಬರುದು ಹಿಂದೆ? ನಂಗೆ ನಾಚಿಕೆ ಆಗ್ತದೆ, ಇಡಿ ಅತ್ಲಾಗೆ!" ಅಪ್ಪ ಇಡಲಿಲ್ಲ.

ಫೋನಿನಲ್ಲಿ ಜಾಗ ಸಾಲದಾದಾಗ ಎಲ್ಲವನ್ನೂ ನಮ್ಮ ಮನೆಯ ಸರ್ವರಿಗೆ ಹಾಕಿ ಫೋನನ್ನು ಖಾಲಿ ಮಾಡಿದೆ. ಸರ್ವರ್ ಎಂದರೆ ಟಿವಿ ಪಕ್ಕದಲ್ಲಿ ನಾನೇ ಜೋಡಿಸಿಟ್ಟಿದ್ದ ಒಂದು ಡಬ್ಬಿ. ಒಳಗೆ ಎರಡು ಡಿಸ್ಕು. ಒಂದರಲ್ಲಿ ಬರೆದದ್ದು ಆ ಕ್ಷಣವೇ ಇನ್ನೊಂದರಲ್ಲೂ ಬರೆಯಲ್ಪಡುತ್ತದೆ, ಹಾಗಾಗಿ ಒಂದು ಕೆಟ್ಟರೂ ಚಿಂತೆಯಿಲ್ಲ ಎಂದು ಅಪ್ಪನಿಗೆ ಜಂಬದಿಂದ ವಿವರಿಸಿದ್ದೆ. ತಪ್ಪು ಬರೆದರೆ ಆ ತಪ್ಪೂ ಎರಡರಲ್ಲೂ ಮೂಡುತ್ತದೆ ಎಂದು ಹೇಳಿರಲಿಲ್ಲ. ಮನೆಯಿಂದ ಹೊರಗೆ ಇನ್ನೊಂದು ಪ್ರತಿ ಇರಲೇಬೇಕೆಂದು ಆಫೀಸಿನಲ್ಲಿ ಎಲ್ಲರಿಗೂ ಪಾಠ ಮಾಡುವವನು ನಾನು. ಮನೆಯದಕ್ಕೆ — ನಾಳೆ ಮಾಡಿದರಾಯಿತು, ನಾಳೆ ಮಾಡಿದರಾಯಿತು.

ಆಪರೇಷನ್ ಆಯಿತು. ಅಮ್ಮ ಗಂಟಲಿನ ತೂತಿನ ಮೇಲೆ ತೆಳ್ಳಗಿನ ಬಟ್ಟೆ ಕಟ್ಟಿಕೊಂಡು ಮನೆಗೆ ಬಂದಳು. ಮಧ್ಯಾಹ್ನ ಊಟವಾದ ಮೇಲೆ ಅಪ್ಪ ಟಿವಿಯಲ್ಲಿ ಅವಳ ಮಾತು ಹಚ್ಚುತ್ತಿದ್ದರು. ಇಬ್ಬರೂ ಸೋಫಾದಲ್ಲಿ ಕೂತು ಕೇಳುತ್ತಿದ್ದರು. ತನ್ನದೇ ಬೈಗುಳ ಬಂದಾಗ ಅಮ್ಮ ಸದ್ದಿಲ್ಲದೆ ನಗುತ್ತಿದ್ದಳು, ಹೊಟ್ಟೆ ಮಾತ್ರ ಕುಲುಕುತ್ತಿತ್ತು.

ಒಂದು ಭಾನುವಾರ ಬದಲಾಪುರದಿಂದ ಅಕ್ಕ ಮಕ್ಕಳೊಂದಿಗೆ ಬರುವವಳಿದ್ದಳು. ಅಪ್ಪ ಅಮ್ಮನ ಸೀರೆಗೆ ಇಸ್ತ್ರಿ ಹಾಕಲು ಹಾಲಿನಲ್ಲಿದ್ದ ಒಂದು ಪ್ಲಗ್ ಕಿತ್ತರು. ಅದು ಸರ್ವರಿನದು. ಅದು ಏನನ್ನೋ ಬರೆಯುತ್ತಿದ್ದ ಹೊತ್ತು. ಮತ್ತೆ ಹಾಕಿದಾಗ ಡಿಸ್ಕು ತೆರೆದುಕೊಳ್ಳಲಿಲ್ಲ.

ಇಷ್ಟೇ ಅಪ್ಪ ಮಾಡಿದ್ದು. ಮುಂದಿನದೆಲ್ಲ ನನ್ನದು.

ನಾನು ಲ್ಯಾಪ್‌ಟಾಪ್ ತೆರೆದು ಕೂತೆ. ಯಾವ ಫೈಲು ಎಲ್ಲಿದೆ ಎಂದು ಗುರುತಿಟ್ಟುಕೊಳ್ಳುವ ಭಾಗ ಕೆಟ್ಟಿತ್ತು. ಫೈಲುಗಳಿಗೆ ಏನೂ ಆಗಿರಲಿಲ್ಲ. ಇದು ಊಹೆಯಲ್ಲ. ಏನನ್ನೂ ಬರೆಯದೆ ಬರೀ ಓದುವ ಹಾಗೆ ಡಿಸ್ಕನ್ನು ತೆರೆದೆ. ತೆರೆಯಿತು. ಅಮ್ಮನ ಹೆಸರಿನ ಫೋಲ್ಡರು ಇತ್ತು. ಒಂದು ಫೈಲನ್ನು ಕಿವಿಗೆ ಇಯರ್‌ಫೋನ್ ಹಾಕಿ ನುಡಿಸಿಯೂ ನೋಡಿದೆ. ಅವಳ ಸ್ವರ — ಸ್ವಚ್ಛವಾಗಿ.

ಆಗಲೇ ಎಲ್ಲವನ್ನೂ ಬೇರೆ ಕಡೆ ನಕಲು ಮಾಡಿಕೊಳ್ಳಬೇಕಿತ್ತು. ಕೆಟ್ಟ ಡಿಸ್ಕನ್ನು ಮುಟ್ಟುವ ಮೊದಲು ಪ್ರತಿ ತೆಗೆ — ಹೊಸದಾಗಿ ಸೇರಿದವರಿಗೆ ನಾನು ಹೇಳಿಕೊಡುವ ಮೊದಲ ಮಾತು. ಲ್ಯಾಪ್‌ಟಾಪಿನಲ್ಲಿ ಜಾಗ ಇರಲಿಲ್ಲ, ಹೊಸ ಡಿಸ್ಕು ತರಲು ಸ್ಟೇಷನ್ ಹತ್ತಿರದ ಅಂಗಡಿಗೆ ಹೋಗಬೇಕಿತ್ತು. ಅಂಗಡಿ ತೆರೆದೇ ಇತ್ತು. ನಾನೇ ಹೋಗಲಿಲ್ಲ. ಅಕ್ಕ ಬರುವಷ್ಟರಲ್ಲಿ ಸರಿಯಾಗಬೇಕು, ಅಪ್ಪನ ಮುಖದ ಗಾಬರಿ ಹೋಗಬೇಕು, ನಾನು ಸರಿಮಾಡಿದೆ ಎನ್ನಿಸಿಕೊಳ್ಳಬೇಕು — ಇದರಲ್ಲಿ ಯಾವುದು ಹೆಚ್ಚು ಇತ್ತೋ, ಈಗ ಬೇರ್ಪಡಿಸಲಾರೆ. ಡಿಸ್ಕನ್ನು ದುರಸ್ತಿ ಮಾಡುವ ಆಜ್ಞೆ ಕೊಟ್ಟೆ. ಅದು ಹೆಜ್ಜೆಹೆಜ್ಜೆಗೂ ಕೇಳತೊಡಗಿತು: ಇದು ಸರಿಯಿಲ್ಲ, ತೆಗೆದುಹಾಕಲೇ? ಇದಕ್ಕೆ ಮಾಲೀಕರಿಲ್ಲ, ತೆಗೆದುಹಾಕಲೇ? ಬೇಸರ ಬಂತು. ನಿಲ್ಲಿಸಿ, ಎಲ್ಲ ಪ್ರಶ್ನೆಗೂ ಹೌದು ಎಂದೇ ಉತ್ತರಿಸಿಕೊಳ್ಳುವಂತೆ ಮತ್ತೆ ಓಡಿಸಿದೆ.

ಪರದೆಯ ಮೇಲೆ ಸಾಲುಗಳು ಸರಸರನೆ ಮೇಲೇರಿದವು. ಏನೋ ತಪ್ಪುತ್ತಿದೆ ಎಂದು ನನಗೆ ತಿಳಿಯಿತು, ಆದರೆ ನಡುವೆ ನಿಲ್ಲಿಸಿದರೆ ಇನ್ನೂ ಕೆಡುತ್ತದೆ ಎಂಬ ಹೆದರಿಕೆ. ಕೈ ಕಟ್ಟಿ ನೋಡುತ್ತಾ ಕೂತೆ. ಮುಗಿದಾಗ ಅಮ್ಮನ ಫೋಲ್ಡರು ಇರಲಿಲ್ಲ. ಹೆಸರಿಲ್ಲದ ಒಂದಷ್ಟು ಚೂರುಗಳು ಉಳಿದಿದ್ದವು, ಹೆಚ್ಚಿನವು ಖಾಲಿ. ಎರಡೂ ಡಿಸ್ಕಿನಲ್ಲಿ ಒಂದೇ ರೀತಿ.

ಅಪ್ಪ ಹಿಂದೆ ಬಂದು ನಿಂತಿದ್ದರು. "ನಾನು ಇಸ್ತ್ರಿಗೆ ಅಂತ ಪ್ಲಗ್ ತೆಗೆದದ್ದಲ್ವಾ... ಅದರಿಂದಲೇ ಹೋಯ್ತಾ?"

ನಾನು ತಿರುಗಲಿಲ್ಲ. "ಹೌದಪ್ಪ" ಎಂದೆ.

ಅಷ್ಟೇ. ಆಮೇಲೆ ಸರಿಪಡಿಸಲು ಎಷ್ಟು ಸಂದರ್ಭಗಳಿದ್ದವು — ಅಪ್ಪ ಒಳಗೆ ಹೋಗಿ ಅಮ್ಮನ ಕಾಲ ಬಳಿ ಕೂತಾಗ, ಅಮ್ಮ ಅವರ ಬೆನ್ನು ಸವರಿ "ಹೋಗಲಿ" ಎಂದು ಕೈ ಆಡಿಸಿದಾಗ. ನಾನು ಮಾಡಿದ ತಪ್ಪಿಗೆ ಅವಳು ಅಪ್ಪನನ್ನು ಕ್ಷಮಿಸುತ್ತಿದ್ದಳು. ನಾನು ಬಾಗಿಲಲ್ಲೇ ಇದ್ದೆ. ಸಂಜೆ ಅಕ್ಕ ಬಂದು ಅಳುತ್ತಲೇ ರೇಗಿದಳು, "ಅಪ್ಪ, ನಿಮಗೆ ಯಾಕೆ ಬೇಕಿತ್ತು ಅದನ್ನು ಮುಟ್ಲಿಕ್ಕೆ? ತಮ್ಮನ ಹತ್ರ ಒಂದು ಮಾತು ಕೇಳ್ಲಿಕ್ಕೆ ಆಗ್ತಿರ್ಲಿಲ್ವಾ?" ಆಗಲೂ ನಾನು ನೀರಿನ ಲೋಟ ಹಿಡಿದು ನಿಂತೇ ಇದ್ದೆ.

ಡಿಸ್ಕುಗಳನ್ನು ಮಹಾಪೆಗೆ ಒಯ್ದೆ. ನಮ್ಮ ವಿಭಾಗದ ಹಿರಿಯ ಮೇಡಂ ಮೊದಲು ಕೇಳಿದ್ದೇ, "ರಿಪೇರ್ ಚಲಾಯಾ ಥಾ ಕ್ಯಾ?" — ದುರಸ್ತಿ ಓಡಿಸಿದ್ದೆಯಾ ಎಂದು. ನಾನು "ನಹೀ" ಎಂದೆ — ಅವರ ಹತ್ತಿರವೂ. ಅವರು ಡಿಸ್ಕಿನೊಳಗೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. ವಾರಗಟ್ಟಲೆ ತಿಳಿದ ಉಪಾಯಗಳನ್ನೆಲ್ಲ ಮಾಡಿದೆ. ಸಿಕ್ಕಿದ್ದು ಒಂದು ತುಣುಕು. ಅದರಲ್ಲಿ ಅಪ್ಪ "ಹ್ಞಾಂ, ಶುರು ಮಾಡು" ಎನ್ನುತ್ತಾರೆ, ಅಮ್ಮ ಮಾತಾಡಲು ಉಸಿರೆಳೆದುಕೊಳ್ಳುತ್ತಾಳೆ, ಅಲ್ಲಿಗೆ ಮುಗಿಯುತ್ತದೆ. ಅದನ್ನು ಅಪ್ಪನಿಗೆ ಕೇಳಿಸಬಾರದಿತ್ತು. ಕೇಳಿಸಿದೆ. ಅವರು ಇನ್ನೊಮ್ಮೆ ಹಚ್ಚು ಎಂದರು, ಮತ್ತೆ ಇನ್ನೊಮ್ಮೆ. ಆಮೇಲೆ ಎದ್ದು ಹೋದರು.

ಅಂದಿನಿಂದ ಅಪ್ಪ ಮನೆಯಲ್ಲಿ ಯಾವ ಸ್ವಿಚ್ಚನ್ನೂ ಕೇಳದೆ ಮುಟ್ಟಲಿಲ್ಲ. "ಫ್ಯಾನ್ ಹಾಕ್ಲಾ ಮಗಾ?" ಎಂದು ತನ್ನದೇ ಮನೆಯಲ್ಲಿ ಅನುಮತಿ ಕೇಳುತ್ತಿದ್ದರು. ಹಾಕಿ ಅಪ್ಪ, ಎನ್ನುತ್ತಿದ್ದೆ. ಹಾಕಿ ಎಂದಷ್ಟೇ.

ಮುಂದಿನ ಮಳೆಗಾಲದಲ್ಲಿ ಅಮ್ಮ ಹೋದಳು. ಕಾಯಿಲೆ ಮರಳಿತ್ತು. ಎತ್ತುವ ಮೊದಲು ಅಪ್ಪ ಅವಳ ಕಿವಿಯ ಬಳಿ ಬಾಗಿ, ಜನರಿದ್ದಾರೆ ಎಂಬುದನ್ನೂ ಮರೆತು, "ನಿನ್ನ ಸ್ವರ ನನ್ನಿಂದ ಹೋಯ್ತು ಮಾರಾಯ್ತಿ, ಮನಸ್ಸಲ್ಲಿ ಇಟ್ಕೊಳ್ಬೇಡ" ಎಂದರು. ನಾನು ಅವರ ಭುಜ ಹಿಡಿದು ನಿಂತಿದ್ದೆ. ಆ ಕ್ಷಣದಲ್ಲೂ ಬಾಯಿ ಬಿಡದವನು ಇನ್ನು ಯಾವತ್ತೂ ಬಿಡಲಾರೆ ಎಂದುಕೊಂಡಿದ್ದೆ.

ಬಿಟ್ಟದ್ದು ಈ ವರ್ಷ. ಬದಲಾಪುರದಲ್ಲಿ ಅಕ್ಕನ ಮನೆಯಲ್ಲಿ ಊಟ ಮುಗಿಸಿ ಅಪ್ಪನೂ ನಾನೂ ಲೋಕಲ್‌ನಲ್ಲಿ ಮರಳುತ್ತಿದ್ದೆವು. ಹೊರಡುವಾಗ ನನ್ನ ಮಗಳು ಫೋನಿನಲ್ಲಿ ಯಾರದೋ ಅಜ್ಜಿಯ ವಿಡಿಯೋ ನೋಡಿ, "ಆಪ್ಲೀ ಆಜೀ ಕಶೀ ಬೋಲಾಯ್ಚೀ?" — ನಮ್ಮ ಅಜ್ಜಿ ಹೇಗೆ ಮಾತಾಡುತ್ತಿದ್ದಳು — ಎಂದು ಕೇಳಿದ್ದಳು. ಉತ್ತರ ಕೊಡಬೇಕಾದವನು ನಾನು. ಅಪ್ಪನೇ ತಲೆ ತಗ್ಗಿಸಿ, "ಅಜ್ಜನ ತಪ್ಪು ಮಗಳೇ" ಎಂದರು. ಅವಳು ಅಕ್ಕನ ಮನೆಯಲ್ಲೇ ಉಳಿದಳು. ರೈಲು ವಿಠ್ಠಲವಾಡಿ ದಾಟಿ ಕಲ್ಯಾಣದ ಹೊರಗೆ ಸಿಗ್ನಲ್ಲಿಗೆ ನಿಂತಿತು. ಎದುರಿನ ಸೀಟು ಖಾಲಿ. ನಾನು ಹೇಳಿದೆ. ದುರಸ್ತಿಯ ವಿಷಯ, ಹೌದು ಎಂದು ಓಡಿಸಿದ್ದು, ಎಲ್ಲ. ತಡವರಿಸಿ, ಅರ್ಧರ್ಧ ವಾಕ್ಯದಲ್ಲಿ.

ಅಪ್ಪ ಕಿಟಕಿಯ ಸರಳು ಹಿಡಿದುಕೊಂಡರು. ಬೈಯುತ್ತಾರೆ ಎಂದು ಕಾದೆ; ಬೈದರೆ ಸಾಕಿತ್ತು.

"ಹಾಗಾದ್ರೆ ನಾನು ಪ್ಲಗ್ ತೆಗೆದ ಮೇಲೂ ಒಳಗೆ ಇತ್ತಾ, ಅವಳ ಸ್ವರ?"

"ಇತ್ತಪ್ಪ."

"ನೀನು ಕೇಳಿದ್ಯಾ?"

"ಕೇಳಿದೆ. ಸ್ವಲ್ಪ."

ಅಪ್ಪ ನನ್ನ ಕಡೆ ತಿರುಗಿದರು. ಕಣ್ಣಲ್ಲಿ ಸಿಟ್ಟಿರಲಿಲ್ಲ, ಆಸೆ ಇತ್ತು. "ಎಂತ ಹೇಳ್ತಾ ಇದ್ದಳು?"

ನನಗೆ ನೆನಪಿರಲಿಲ್ಲ. ಅಮ್ಮನನ್ನು ಕೇಳಲೆಂದು ನಾನು ಅದನ್ನು ಹಚ್ಚಿರಲಿಲ್ಲ; ಫೈಲು ಓಡುತ್ತದೆಯೇ ಎಂದು ಪರೀಕ್ಷಿಸಿ, ಓಡುತ್ತದೆ ಎಂದಾದೊಡನೆ ನಿಲ್ಲಿಸಿದ್ದೆ. ಅವಳ ಮಾತನ್ನು ಕೊನೆಯದಾಗಿ ಕೇಳಿದ ಕಿವಿ ನನ್ನದು, ಆ ಕಿವಿಯಲ್ಲಿ ಏನೂ ಇಲ್ಲ. "ನೆನಪಿಲ್ಲಪ್ಪ" ಎಂದೆ. ರೈಲು ಹೊರಟಿತು.

ಮನೆಗೆ ಬಂದು ಅಕ್ಕನಿಗೆ ಫೋನು ಮಾಡಿ ಹೇಳಿದೆ. ಅವಳು ಪೂರ್ತಿ ಕೇಳಿ ಫೋನಿಟ್ಟಳು. ಈಗ ಅಪ್ಪನೊಂದಿಗೆ ಮಾತ್ರ ಮಾತಾಡುತ್ತಾಳೆ. ಅದು ನ್ಯಾಯವೇ. ಕ್ಷಮಿಸಿ ಎಂದು ನಾನು ಅಪ್ಪನನ್ನು ಕೇಳಿಲ್ಲ, ಕೇಳಿದರೆ ಕ್ಷಮಿಸಿಬಿಡುತ್ತಾರೆ.

ಅವರು ಈಗಲೂ ಒಮ್ಮೊಮ್ಮೆ ಪೇಪರು ಮಡಚಿಟ್ಟು ಕೇಳುತ್ತಾರೆ, "ನೆನಪಾಯ್ತಾ?" ಒಂದು ಮಾತು ಕಟ್ಟಿ ಹೇಳಬಹುದು — ನಿಮ್ಮನ್ನು ಬೈಯುತ್ತಿದ್ದಳು ಅಪ್ಪ, ಎಂದರೆ ಸಾಕು, ಅವರ ಮುಖ ಅರಳುತ್ತದೆ. ನಾಲಿಗೆಯ ತುದಿಯವರೆಗೂ ಬರುತ್ತದೆ. ಇನ್ನೊಂದು ಸುಳ್ಳು ಅವರಿಗೆ ಹೇಳಲಾರೆ.

"ಇಲ್ಲಪ್ಪ" ಎನ್ನುತ್ತೇನೆ.